ಹೊರ ರಾಜ್ಯದ ಹುಡುಗಿ ಬೇಕಾಗಿದ್ದಳು

ಆ ವರ್ಷ ನಮ್ಮ ವಿಶ್ವವಿದ್ಯಾಲಯಕ್ಕೆ ಹೊರ ರಾಜ್ಯದವರ ಬರ ಬಂದಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಸೇಲಂ ಹೊರಗೆ, ತಾರಮಂಗಲಂ ರಸ್ತೆಯ ಬಯಲಿನಲ್ಲಿ ಹೊಸದಾಗಿ ಎದ್ದಿದ್ದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಾನು ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದೆ. ದರ್ಜೆ ಕೊಡುವ ಸಮಿತಿಯೊಂದು ನಮ್ಮನ್ನು ನೋಡಿ ಹೋಗಲು ಬರುವುದಿತ್ತು. ಅದಕ್ಕೆ ಮುಂಚೆ ನಮ್ಮ ವಿಭಾಗದ ಮುಖ್ಯಸ್ಥರು ಮದರಾಸು, ಕೊಯಮತ್ತೂರು, ಮಧುರೆಯ ವಿಶ್ವವಿದ್ಯಾಲಯಗಳ ಜೊತೆ ನಮ್ಮನ್ನು ಹೋಲಿಸಿ ನೋಡಿ ಮುಖ ಸಪ್ಪಗೆ ಮಾಡಿಕೊಂಡಿದ್ದರು. ಫಲಿತಾಂಶದಲ್ಲಿ ನಾವೇನೂ ತೀರಾ ಹಿಂದಿರಲಿಲ್ಲ. ಸೋತದ್ದು ವಿದ್ಯಾರ್ಥಿಗಳ ವೈವಿಧ್ಯದಲ್ಲಿ. ಮದರಾಸಿನ ಹಾಸ್ಟೆಲಿನಲ್ಲಿ ಮಣಿಪುರದವರು, ಬಿಹಾರದವರು, ಕಡಲಾಚೆಯವರು ಸಹ ಇದ್ದಾರಂತೆ. ನಮ್ಮಲ್ಲೋ, ಸೇಲಂ ಬಿಟ್ಟರೆ ಧರ್ಮಪುರಿ, ಧರ್ಮಪುರಿ ಬಿಟ್ಟರೆ ಸೇಲಂ. ಕೇರಳದ ಇಬ್ಬರು, ಚಿತ್ತೂರಿನ ಕಡೆಯವನೊಬ್ಬ, ಮುಗಿಯಿತು ನಮ್ಮ ಭಾರತ. ಆಗ ಅವರಿಗೆ ನನ್ನ ನೆನಪಾಯಿತು.

ನಾನು ಅದೇ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಪಕ್ಕದ ಹಳ್ಳಿಯವಳು. ಮನೆಯಲ್ಲಿ ಕುರಿ, ಮಳೆ ಬಂದರೆ ರಾಗಿ, ಮಾತು ಕನ್ನಡ. ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡದ ಅಕ್ಷರ ಕಲಿತದ್ದು ಎಷ್ಟೋ ಆಮೇಲೆ, ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ. ಹಾಸ್ಟೆಲಿನಲ್ಲಿ ಎಲ್ಲರೂ ನನ್ನನ್ನು ಕನ್ನಡಕ್ಕಾರಿ ಎಂದೇ ಕರೆಯುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ, ಕುಳ್ಳಿಯನ್ನು ಕುಳ್ಳಿ ಎಂದ ಹಾಗೆ. ನನ್ನ ತಮಿಳು ಅವರಷ್ಟೇ ಚೆನ್ನಾಗಿತ್ತು, ಜಗಳಕ್ಕೆ ನಿಂತರೆ ಅವರಿಗಿಂತ ಚೆನ್ನಾಗಿತ್ತು. ಆದರೂ ವಾರವೆಲ್ಲ ಒಂದು ಕನ್ನಡದ ಮಾತು ಕಿವಿಗೆ ಬೀಳದೆ ಒಳಗೊಳಗೇ ಒಣಗಿಹೋಗುತ್ತಿದ್ದೆ. ಸ್ನಾನದ ಮನೆಯಲ್ಲಿ ಬಕೆಟ್ಟಿನ ಜೊತೆ ಕನ್ನಡದಲ್ಲಿ ಮಾತಾಡಿದ್ದೂ ಉಂಟು. ನಗಬೇಡಿ. ಬಕೆಟ್ಟು ತಮಿಳಿನಲ್ಲಿ ಉತ್ತರ ಕೊಡುತ್ತಿರಲಿಲ್ಲ, ಅಷ್ಟು ಸಮಾಧಾನ.

ನನ್ನ ಕೋಣೆಯಲ್ಲಿದ್ದವಳು ನಮ್ಮ ಜಿಲ್ಲೆಯದೇ ಕಂಬೈನಲ್ಲೂರಿನ ಹುಡುಗಿ, ನನ್ನದೇ ತರಗತಿ. ಮಾತು ಕಡಿಮೆ, ಬಲು ಅಚ್ಚುಕಟ್ಟು. ಊಟಕ್ಕೆ, ಪಾಠಕ್ಕೆ, ಊರಿನ ಬಸ್ಸಿಗೆ ಜೊತೆಯಲ್ಲೇ ಹೋಗುತ್ತಿದ್ದೆವು. ಒಳ್ಳೆಯ ಗೆಳತಿ. ಆದರೆ ಮನಸ್ಸಿನಲ್ಲಿದ್ದದ್ದನ್ನು ಅವಳಿಗೆ ತಮಿಳಿನಲ್ಲಿ ಹೇಳಲು ಹೋದರೆ ಅದು ಅರ್ಧದಲ್ಲೇ ನಿಂತುಬಿಡುತ್ತಿತ್ತು.

ಮುಖ್ಯಸ್ಥರು ನನ್ನನ್ನು ಕರೆಸಿ, ಸಮಿತಿ ಬಂದ ದಿನ ರೇಷ್ಮೆ ಸೀರೆ ಉಟ್ಟು ಕೇರಳದವರ ಪಕ್ಕದಲ್ಲಿ ಕೂತಿರಬೇಕು ಎಂದರು. ಸಮಿತಿಯಲ್ಲಿ ಒಬ್ಬರು ಕನ್ನಡದ ಪ್ರೊಫೆಸರು ಇದ್ದಾರೆ, ಅವರ ಜೊತೆ ಕನ್ನಡದಲ್ಲಿ ನಾಲ್ಕು ಮಾತಾಡಿದರೆ ಸಾಕು. ಊರು ಯಾವುದೆಂದು ಅವರಾಗಿ ಕೇಳದಿದ್ದರೆ ನೀನಾಗಿ ಹೇಳಲು ಹೋಗಬೇಡ ಎಂದೂ ಮೆಲ್ಲಗೆ ಸೇರಿಸಿದರು. ನಾನು ತಲೆಯಾಡಿಸಿದೆ. ದರ್ಜೆ ಕಟ್ಟಿಕೊಂಡು ನನಗೇನಾಗಬೇಕಿತ್ತು? ಇಷ್ಟು ದಿನದ ಮೇಲೆ ಆ ಜಾಗದಲ್ಲಿ ಒಬ್ಬರು ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಾರೆ, ನನಗೆ ಬೇಕಾಗಿದ್ದದ್ದು ಅದೊಂದೇ. ಆ ವಾರವೆಲ್ಲ ಏನೇನು ಹೇಳಬೇಕೆಂದು ಕೂಡಿಟ್ಟುಕೊಂಡೆ. ನಮ್ಮ ಕುರಿಗಳ ಸುದ್ದಿ, ಅವ್ವನ ಸುದ್ದಿ, ಇಲ್ಲಿ ಮುದ್ದೆ ಸಿಗುವುದಿಲ್ಲ ಎಂಬ ದೂರು ಕೂಡ. ಮದುವೆ ಹೆಣ್ಣಿಗೂ ಇರದ ಸಂಭ್ರಮ ನನಗೆ.

ಆ ಬೆಳಿಗ್ಗೆ ಕಂಬೈನಲ್ಲೂರಿನವಳು ತನ್ನ ಸೀರೆಯನ್ನೇ ಕೊಟ್ಟು, ನೆಲದ ಮೇಲೆ ಕೂತು ನೆರಿಗೆ ಹಿಡಿದಳು. ಆಮೇಲೆ ಬಂದು ಸಭಾಂಗಣದ ಬಾಗಿಲ ಬಳಿ ನಿಂತಳು.

ಸಮಿತಿಯವರು ಬಂದರು. ಅವರಲ್ಲಿ ಬಿಳಿ ಕೂದಲಿನ ಹಿರಿಯರೊಬ್ಬರು ನನ್ನ ಮುಂದೆ ನಿಂತು ನಕ್ಕರು.

"ಯಾವ ಊರಮ್ಮ ನಿಮ್ಮದು? ಮೈಸೂರಿನ ಕಡೆಯೇ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಮುಖ್ಯಸ್ಥರು ಅವರ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ಆದರೆ ಆ ಜಾಗದಲ್ಲಿ ನನ್ನನ್ನು ಕನ್ನಡದಲ್ಲಿ ಕೇಳಿದ ಮೊದಲನೆಯ ಪ್ರಶ್ನೆ ಅದು. ಅದಕ್ಕೇ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಪೆನ್ನಾಗ್ರಂ ತಾವ ಐತೆ ಸಾರ್ ನಮ್ಮೂರು. ನಮ್ ತಾತಂದ್ರೂ ಅಲ್ಲೇ ಕುರಿ ಮೇಯ್ಸ್ಕಂಡಿದ್ರು."

ಅದೆಲ್ಲಿ ಎಂದು ಅವರು ಪಕ್ಕದವರನ್ನು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲೇ, ಧರ್ಮಪುರಿ ಜಿಲ್ಲೆ ಎಂದರು ಪಕ್ಕದವರು. ಹಾಗಾದರೆ ಇವಳು ಸ್ಥಳೀಯಳೇ ಎಂದು ಹಿರಿಯರು ಕೇರಳದವರ ಕಡೆಗೆ ತಿರುಗಿದರು. ಅವರು ಎಣಿಸುತ್ತಿದ್ದದ್ದು ರಾಜ್ಯ, ಮನೆಯ ಮಾತಲ್ಲ. ನಾನು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಹಾಗೇ ಉಳಿಯಿತು. ಮುಖ್ಯಸ್ಥರು ಬೈಯಲಿಲ್ಲ, ಇನ್ನು ಹೋಗಮ್ಮ ಎಂದು ಕೈಸನ್ನೆ ಮಾಡಿದರು. ಬೈದಿದ್ದರೆ ವಾಸಿಯಿತ್ತು. ಹಾಸ್ಟೆಲಿನವರಿಗೆ ನಾನು ಕನ್ನಡಕ್ಕಾರಿ, ಕನ್ನಡದವರಿಗೆ ಸ್ಥಳೀಯಳು. ಕೋಣೆಗೆ ಬಂದು ಸೀರೆ ಮಡಿಸುತ್ತಾ ಚೆನ್ನಾಗಿ ಅತ್ತೆ.

ಸಂಜೆ ಊಟವಾದ ಮೇಲೆ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದೆವು. ಕಂಬೈನಲ್ಲೂರಿನವಳು ಆಚೀಚೆ ನೋಡಿದಳು. ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು.

"ನಮ್ ಮನೆ ಮಾತೂ ಕನ್ನಡಾನೇ ಕಣೆ. ನೀನು ಸರ್ಯಾಗ್ ಏಳ್ದೆ. ಆದ್ರೆ ನನ್ ಇಸ್ಯ ಯಾರ್ ತಾವೂ ಏಳ್ಬ್ಯಾಡ."

ನಾನು ನಲ್ಲಿ ನಿಲ್ಲಿಸಿ, ಯಾಕೆ ಎಂದು ಕೇಳಿದೆ. ಕಾವೇರಿ ಗಲಾಟೆಯ ಸಮಯದಲ್ಲಿ ಅವಳಪ್ಪ ಹೆದರಿ, ಹೊಸ್ತಿಲು ದಾಟಿದ ಮೇಲೆ ಯಾರೂ ಕನ್ನಡ ಆಡಕೂಡದು ಎಂದು ಮಕ್ಕಳಿಂದ ಆಣೆ ಹಾಕಿಸಿಕೊಂಡಿದ್ದನಂತೆ. ನಮ್ಮ ಹಾಸ್ಟೆಲಿನಲ್ಲೇ ಅವಳ ಹಾಗೆ ಇನ್ನೂ ಕೆಲವರಿದ್ದಾರಂತೆ. ಹಿಂದಿನ ಮಳೆಗಾಲದಲ್ಲಿ ನನಗೆ ಜ್ವರ ಬಂದು ಕನ್ನಡದಲ್ಲಿ ಅವ್ವನನ್ನು ಕನವರಿಸಿದ್ದೆ, ಅದನ್ನೆಲ್ಲ ಅವಳು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಳು, ತಡೆಯಲಾರದೆ ವರಾಂಡಕ್ಕೆ ಎದ್ದು ಹೋಗಿದ್ದಳು. ಇಷ್ಟನ್ನೂ ಅವಳು ಹೇಳಿದ್ದು ತಮಿಳಿನಲ್ಲಿ. ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು. ಅವಳನ್ನು ತಬ್ಬಿಕೊಳ್ಳಬೇಕೆಂದೂ ಅನಿಸಿತು.

ಮುಂದೊಂದು ಭಾನುವಾರ, ಕೋಣೆಯಲ್ಲಿ ಇಬ್ಬರೇ ಇದ್ದೆವು. ಬಾಗಿಲು ಹಾಕಿತ್ತು. ನಿನ್ ಜಡೆ ನಾನ್ ಆಕ್ಲಾ ಎಂದು ಕನ್ನಡದಲ್ಲಿ ಕೇಳಿದೆ. ಅವಳು ಬಾಗಿಲ ಕಡೆ ನೋಡಿ, ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಹಾಕು ಎಂದಳು, ತಮಿಳಿನಲ್ಲಿ. ಸರಿ ಎಂದೆ, ನಾನೂ ತಮಿಳಿನಲ್ಲಿ.