ಸೋಮವಾರ ಕಂಪ್ಯೂಟರಿಗೆ ರಜೆ

ನನ್ನ ತಂಗಿ ನಂದಾ ಕೇಳಿದ್ದು ಇಷ್ಟೇ: ಜೇವರ್ಗಿಯ ನನ್ನ ಅಂಗಡಿಯ ಕಂಪ್ಯೂಟರನ್ನು ಕೆಲವು ದಿನ ಆರಿಸಬಾರದು. ನನ್ನಿಂದ ಅಷ್ಟೂ ಆಗಲಿಲ್ಲ. ಇವತ್ತು ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಫ್ಯಾನು ಗುಂಯ್‌ಗುಟ್ಟಿದಾಗ ಅದೆಲ್ಲ ನೆನಪಾಯಿತು. ಅದರ ಮುಂದೆ ಕುಳಿತಿದ್ದವಳು ಅವಳೇ.

ನಾನು ಓದಿದ್ದು ಏಳನೆಯ ತರಗತಿ, ಅದೂ ಮಾಸ್ತರರ ದಯೆಯಿಂದ. ಊರವರ ಅರ್ಜಿ ತುಂಬಲು ಅಷ್ಟು ಸಾಕು. ಅವಳು ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಭೀಮಾ ಹೊಳೆಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಅಫಜಲಪುರ, ಜೇವರ್ಗಿ ಕಡೆ ಯಾವ ಹೊಲದವರೆಗೆ ಬರುತ್ತದೆ ಎಂಬ ಲೆಕ್ಕ. ಒಂದೇ ಕಂಪ್ಯೂಟರು ಮಾಡಿದರೆ, ಉತ್ತರ ಬರುವುದರೊಳಗೆ ಹೊಳೆಯೇ ಬಂದು ಹೋಗಿರುತ್ತದೆ. ಅದಕ್ಕೇ ಹೊಳೆಯನ್ನು ತುಂಡು ಮಾಡಿ, ಆಳಂದದ ಗೆಳತಿಯ ಆಫೀಸು, ಅಫಜಲಪುರದ ಒಂದು ಶಾಲೆ, ನನ್ನ ಅಂಗಡಿ, ಹೀಗೆ ಬಿಡುವಾಗಿದ್ದ ಯಂತ್ರಗಳಿಗೆಲ್ಲ ಹಂಚಿದ್ದಳು.

“ಹೊಲದಾಗ ಕಸ ತೆಗಿಯಾಗ ಒಬ್ಬೊಬ್ರು ಒಂದೊಂದು ಸಾಲು ಹಿಡೀತಾರಲ್ಲ ಅಣ್ಣಾ, ಹಂಗೇ. ಒಂದು ಸಾಲು ಉಳದ್ರ ಹೊಲ ಮುಗಿಯಂಗಿಲ್ಲ,” ಎಂದಳು. ನನ್ನ ಪಾಲಿಗೆ ನಮ್ಮದೇ ಊರು ಕೊಳಕೂರ ಬಂತು.

ಮೊದಲ ಸೋಮವಾರವೇ ಎಡವಟ್ಟಾಯಿತು. ಸೋಮವಾರ ಬಸವಣ್ಣನ ವಾರ, ಎತ್ತಿಗೆ ನೊಗ ಹೂಡುವುದಿಲ್ಲ. ನಮ್ಮಪ್ಪ ಟ್ರ್ಯಾಕ್ಟರಿಗೂ ಆ ರಜೆ ಕೊಟ್ಟವನು. ನಾನು ಅವನ ಮಗ. ಹಗಲೂ ರಾತ್ರಿ ದುಡಿದ ಕಂಪ್ಯೂಟರಿನ ಡಬ್ಬಿ ಮುಟ್ಟಿದರೆ ಎತ್ತಿನ ಮೈಯಂತೆ ಬಿಸಿ. ವಿಭೂತಿ ಹಚ್ಚಿ, ಕೈಮುಗಿದು, ಆರಿಸಿದೆ. ಮಂಗಳವಾರ ಮತ್ತೆ ಚಾಲೂ ಮಾಡಿದಾಗ ಅದು ಇಂಗ್ಲಿಷಿನಲ್ಲಿ ಏನೋ ಕೇಳಿತು. ತಿಳಿಯದೆ, ಬೇಡವೆಂದು ಒತ್ತಿಬಿಟ್ಟೆ. ಆಮೇಲೆ ಫ್ಯಾನು ಗುಂಯ್‌ಗುಟ್ಟಲಿಲ್ಲ, ಡಬ್ಬಿ ತಣ್ಣಗೇ ಉಳಿಯಿತು.

ಅವಳ ಫೋನು ಬಂತು. “ಅಣ್ಣಾ, ನಿನ್ನ ಮಷೀನಿಂದ ಸುದ್ದೀನೇ ಇಲ್ಲ. ನೆಟ್ ಹೋಗ್ಯಾದೇನು, ಕೆಲ್ಸಾನೇ ನಿಂತಾದೇನು? ನಿಂತಿದ್ರ ಹೇಳಿಬಿಡು, ನಿನ್ನ ಪಾಲು ಬ್ಯಾರೆ ಕಡಿ ಹಾಕ್ತೇನಿ.”

“ನೆಟ್ ಅಷ್ಟೇ ಬೇ. ಒಳಗ ಜೋರ್ ನಡದದ.”

ನೋಡಿ, ಅವಳ ಏರ್ಪಾಡು ಕೆಟ್ಟ ಯಂತ್ರವನ್ನು ಸಹಿಸುತ್ತಿತ್ತು. ಸುಳ್ಳು ಹೇಳುವ ಅಣ್ಣನನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಓದಿದ ತಂಗಿಯ ಮುಂದೆ ‘ನನಗೆ ತಿಳಿಯಲಿಲ್ಲ’ ಎನ್ನಲು ನಾಲಿಗೆ ಏಳಲಿಲ್ಲ, ಅಷ್ಟೇ.

ಪ್ರಾಧ್ಯಾಪಕರ ಮುಂದೆ ಅವಳು ಹೊಳೆಯ ನಕ್ಷೆ ತೋರಿಸುವ ದಿನ ಇಸ್ತ್ರಿ ಅಂಗಿ ತೊಟ್ಟು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ನೀಲಿ ಹೊಳೆ ಅಫಜಲಪುರ ದಾಟಿ ಬಂತು. ಕೊಳಕೂರಿನ ಕಡೆ ಮಾತ್ರ ಖಾಲಿ ಬಿಳಿ.

“ಏನಮ್ಮಾ, ಹೊಳಿ ನಿಮ್ಮೂರಿಗೆ ಅಂಜತದೇನು?” ಎಂದರು ಒಬ್ಬರು. ಎಲ್ಲರೂ ನಕ್ಕರು. ಮರ್ಯಾದೆಗೆ ನಾನೂ ನಕ್ಕೆ.

“ಆ ಭಾಗ ಬಂದಿಲ್ರಿ ಸರ್. ನಂದೇ ತಪ್ಪು,” ಎಂದಳು ನಂದಾ.

ಮತ್ತೆ ಮಾಡಿಕೊಂಡು ಬಾ ಎಂದು ಕಳಿಸಿದರು. ಊರಿಗೆ ಬರುವ ಬಸ್ಸಿನುದ್ದಕ್ಕೂ ನಾನು, ಕರೆಂಟು ಹೋಗಿಯೇ ಕೆಲಸ ಕೆಟ್ಟಿತೆಂದು ಕರೆಂಟಿನವರನ್ನು ಬೈದೆ. ಅವಳು ಕಿಟಕಿಯತ್ತ ಮುಖ ಮಾಡಿದ್ದಳು.

ಆ ಕೆಲಸವನ್ನು ಆಮೇಲೆ ಮುಗಿಸಿದಳು, ನನ್ನ ಯಂತ್ರವಿಲ್ಲದೆ. ಈಗ ತೊಗರಿ ಎಲೆಯ ಚಿತ್ರಗಳಲ್ಲಿ ರೋಗ ಹುಡುಕುವ ಕೆಲಸ. ರಾಶಿ ರಾಶಿ ಚಿತ್ರ, ಮತ್ತೆ ಹಂಚಬೇಕು. ಇವತ್ತು ಬೆಳಿಗ್ಗೆ ನನ್ನ ಅಂಗಡಿಗೆ ಬಂದಳು, ಚಹಾ ಕುಡಿದಳು, ಮಕ್ಕಳನ್ನು ವಿಚಾರಿಸಿದಳು. ಆಮೇಲೆ ಎದ್ದು ಎದುರಿನವನ ಕಂಪ್ಯೂಟರು ಕೇಳಲು ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ರಸ್ತೆ ದಾಟಿದೆ. “ಬರ್ರಿ ಕಾಕಾ, ಏನ್ ಬೇಕಾಗಿತ್ರಿ?” ಎಂದ ಝೆರಾಕ್ಸ್‌ನವನು. ಅವನಿಗೂ ಕೇಳಿಸಲಿ ಎಂದು ಜೋರಾಗಿಯೇ ಹೇಳಿದೆ:

“ನಂದಾ, ಅವತ್ತು ನೆಟ್ ಹೋಗಿದ್ದಿಲ್ಲ, ಕರೆಂಟೂ ಹೋಗಿದ್ದಿಲ್ಲ. ನಾನೇ ಬಂದ್ ಮಾಡಿ, ನಡದದ ಅಂತ ಸುಳ್ಳು ಹೇಳಿದೆ. ತಪ್ಪಾತು ಬೇ.”