ಚೀಲ ಕೆಳಗೇ ಇರಲಿ

ಮನೆಯೊಳಗೆ ಕೂಗುವ ವಸ್ತುಗಳು ಎಷ್ಟು ಹೆಚ್ಚಿವೆ ಎಂಬುದನ್ನು, ಓದುಗ ಮಿತ್ರರೇ, ನೀವು ಎಂದಾದರೂ ಗಮನಿಸಿದ್ದೀರಾ? ನಾನು ಚಿಕ್ಕವನಿದ್ದಾಗ ಮಧುಗಿರಿಯ ನಮ್ಮ ಮನೆಯಲ್ಲಿ ಕೂಗುತ್ತಿದ್ದುದು ನನ್ನ ತಂದೆ ಒಬ್ಬರೇ. ಈಗ ಕುಕ್ಕರ್ ಕೂಗುತ್ತದೆ, ಬಾಗಿಲು ತುಸು ತೆರೆದಿದ್ದರೆ ಫ್ರಿಜ್ಜು ಗೊಣಗುತ್ತದೆ, ಬಟ್ಟೆ ಒಗೆಯುವ ಯಂತ್ರ ತನ್ನ ಕೆಲಸ ಮುಗಿದದ್ದಕ್ಕೆ ಒಂದು ಮಂಗಳವನ್ನೇ ಹಾಡುತ್ತದೆ. ಈ ಗದ್ದಲದ ಕುಟುಂಬಕ್ಕೆ ಕಳೆದ ಬೇಸಿಗೆಯಲ್ಲಿ ಹೊಸ ಸದಸ್ಯನೊಬ್ಬ ಬಂದು ಸೇರಿದ. ಬೆಂಕಿಪೊಟ್ಟಣದಷ್ಟೇ ಗಾತ್ರ, ಮೈಮೇಲೆ ಹಸಿರೊಂದು ಕೆಂಪೊಂದು ದೀಪ, ದನಿ ಮಾತ್ರ ಊರ ಗೌಡನದು. ಅವನು ಊರಿಗೆ ಸಾರುತ್ತಿದ್ದುದು ನನ್ನ ಮೂತ್ರದ ಸಮಾಚಾರವನ್ನು ಎಂಬುದೇ ಈ ಪ್ರಬಂಧದ ಸಂಕೋಚ.

ಸಂಕೋಚ ಏಕೆಂದರೆ ನಾನು ದೊಡ್ಡೇರಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಷ್ಟ್ರು. ಈ ಒಂದು ವಿಷಯವನ್ನು ಹೇಳದೆಯೇ ಹೇಳುವುದಕ್ಕೆ ನಮ್ಮ ಜನ ಎಷ್ಟೊಂದು ಉಪಾಯ ಹುಡುಕಿದ್ದಾರೆ! ತರಗತಿಯಲ್ಲಿ ಕಿರುಬೆರಳು ಎದ್ದರೆ ಸಾಕು, ಮಾತೇ ಬೇಡ. ಸಭೆಯ ನಡುವೆ ಎದ್ದುಹೋಗುವ ಹಿರಿಯರು 'ಜಲಬಾಧೆ' ಎನ್ನುತ್ತಾರೆ, ಅದೊಂದು ಪ್ರವಾಹವೋ ಬರಗಾಲವೋ ಎಂಬಷ್ಟು ಗಾಂಭೀರ್ಯದಿಂದ. ಇಷ್ಟೆಲ್ಲ ಪರದೆಗಳ ಹಿಂದೆ ಅರವತ್ತೈದು ದಾಟುವವರೆಗೂ ಮಾನವಾಗಿ ಬದುಕಿದ ನನಗೆ, ಪ್ರಾಸ್ಟೇಟ್ ಗ್ರಂಥಿ ಉಬ್ಬಿ ದಾರಿ ಕಟ್ಟಿಕೊಂಡಾಗ, ತುಮಕೂರಿನ ವೈದ್ಯರು ಒಂದು ನಳಿಗೆಯನ್ನು ಒಳಗಿಳಿಸಿ, ಅದರ ಇನ್ನೊಂದು ತುದಿಗೆ ಪಾರದರ್ಶಕವಾದ ಪ್ಲಾಸ್ಟಿಕ್ ಚೀಲವನ್ನು ಕಟ್ಟಿ ಕಳಿಸಿದರು. ವೈದ್ಯರು ಕ್ಯಾತಿಟರ್ ಎನ್ನುವ ಅದನ್ನು ನಮ್ಮ ಬೀದಿ 'ಪೈಪು' ಎಂದು ಕರೆಯಿತು. ಚೀಲ ಪಾರದರ್ಶಕವಾಗಿದ್ದದ್ದು ಮಾತ್ರ ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

ಶಸ್ತ್ರಚಿಕಿತ್ಸೆ ಆದರೆ ಪೈಪಿನಿಂದ ಬಿಡುಗಡೆ. ಆದರೆ ಸೋಂಕು ಇರುವಾಗ ಕತ್ತರಿ ಹಿಡಿಯುವಂತಿಲ್ಲ, ಮತ್ತು ಸೋಂಕು ನನ್ನನ್ನು ಬಿಡುವಂತಿರಲಿಲ್ಲ. ದಿನ ಗೊತ್ತಾಗುವುದು, ಚಳಿಜ್ವರ ಬರುವುದು, ಆಪರೇಷನ್ ಮುಂದಕ್ಕೆ ಹೋಗುವುದು. ಹೀಗೆ ಎರಡು ಸಲ ಆಯಿತು. ಮೂರನೆಯ ದಿನವನ್ನು ಗೊತ್ತುಮಾಡುವಾಗ ವೈದ್ಯರು ನನ್ನ ಹೆಂಡತಿ ಕಮಲಳ ಮುಖ ನೋಡಿ, "ನೋಡಿಮ್ಮ, ಕಿಡ್ನಿ ಆಗಲೇ ಸೋತಿದೆ. ಇನ್ನೊಂದು ಸಲ ಇಂಥ ಜ್ವರ ಬಂದ್ರೆ ಅದು ಉಳಿಯುತ್ತೆ ಅಂತ ನಾನು ಹೇಳಲಾರೆ" ಎಂದರು. ಪದೇ ಪದೇ ಸೋಂಕು ತಗಲುವವರಿಗೆ ಪರೀಕ್ಷಾರ್ಥವಾಗಿ ಕೊಡುತ್ತಿದ್ದ ಈ ಬೆಂಕಿಪೊಟ್ಟಣವನ್ನು ಆಗಲೇ ನನ್ನ ನಳಿಗೆಗೆ ಕಚ್ಚಿಸಿ ಕಳಿಸಿದ್ದು. ನೀರು ಸರಾಗವಾಗಿ ಇಳಿಯುತ್ತಿದ್ದರೆ ಹಸಿರು. ನಿಂತರೆ, ಅಥವಾ ಚೀಲದಿಂದ ಹಿಂದಕ್ಕೆ ಮೂತ್ರಕೋಶದ ಕಡೆ ಸರಿದರೆ, ಕೆಂಪು ದೀಪ ಮತ್ತು ಕೂಗು. ನನಗೆ ಭಯವಾಗಿತ್ತು, ಅದನ್ನು ಮುಚ್ಚಿಟ್ಟು ಫಲವಿಲ್ಲ. ಆದರೆ ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಭಯ ಹಟವಾಗಿ ಮಾರ್ಪಟ್ಟಿತ್ತು. ಈ ಸಲ ಜ್ವರಕ್ಕೆ ಜಾಗ ಕೊಡುವುದಿಲ್ಲ ಎಂದು ನಿಶ್ಚಯಿಸಿಬಿಟ್ಟೆ.

ನಮ್ಮ ಸೀಮೆಯಲ್ಲಿ ಕಾಯಿಲೆ ಎಂಬುದು ಖಾಸಗಿ ಸಂಗತಿಯಲ್ಲ. ಪೈಪು ಹಾಕಿಸಿಕೊಂಡು ಬಂದ ದಿನದಿಂದಲೇ, ಮೇಷ್ಟ್ರು ಮಲಗಿದ್ದಾರೆ ಎಂಬ ಸುದ್ದಿ ದೊಡ್ಡೇರಿ ಹೋಬಳಿಯನ್ನೆಲ್ಲ ಸುತ್ತಿ ಬಂದು, ನನ್ನಿಂದ ಅಂಕ ಪಡೆದವರೂ ಕಿವಿ ಹಿಂಡಿಸಿಕೊಂಡವರೂ ಸಮಾನ ಪ್ರೀತಿಯಿಂದ ಬ್ರೆಡ್ಡು, ಮೂಸಂಬಿ, ಬಾಳೆಹಣ್ಣು ಹಿಡಿದು ಬರತೊಡಗಿದರು. ನೋಡಲು ಬರದವರು ಮನುಷ್ಯರೇ ಅಲ್ಲ ಎಂಬುದು ಇಲ್ಲಿಯ ನಂಬಿಕೆಯಾದ್ದರಿಂದ ಬೆಳಗ್ಗೆ ಒಂದು ಸರದಿ, ಸಂಜೆ ಒಂದು ಸರದಿ. ಅಷ್ಟೊಂದು ಬ್ರೆಡ್ಡನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕೊನೆಗೆ ಕಮಲ ಅದರಿಂದ ಉಪ್ಪಿಟ್ಟು ಮಾಡುವುದನ್ನೂ ಕಲಿತಳು.

ಬೆಂಕಿಪೊಟ್ಟಣದ ಗುಣ ಗೊತ್ತಾದದ್ದು ಈ ಸರದಿಗಳಲ್ಲಿಯೇ. ಮಧ್ಯಾಹ್ನವೆಲ್ಲ ಹಸಿರಾಗಿ ತೆಪ್ಪಗಿರುತ್ತಿದ್ದ ಅದು, ನಾಲ್ಕು ಜನ ಬಂದು ಕೂತು 'ಹೆಂಗಿದ್ದೀರಾ ಸಾರ್' ಎನ್ನುತ್ತಿದ್ದಂತೆ ಅರಚಿಕೊಳ್ಳುತ್ತಿತ್ತು. ಮಿಡಿಗೇಶಿಯಿಂದ ಬಂದ ಕಮಲಳ ಚಿಕ್ಕಪ್ಪ ತಮ್ಮ ಮೊಬೈಲೇ ಇರಬೇಕೆಂದು ಎರಡೂ ಜೇಬು ತಡಕಿ, ಸಿಗದೆ, ಕೂತಿದ್ದ ಕುರ್ಚಿಯನ್ನೇ ತಿರುವಿ ನೋಡಿದರು. ಮನೆಗೆ ನೆಂಟರು ಬಂದರೆ ಬೊಗಳುವ ನಾಯಿಗಳುಂಟು, ಆಸ್ಪತ್ರೆಯವರು ಅಂಥದ್ದೇ ಒಂದನ್ನು ನನಗೆ ಗಂಟುಹಾಕಿದ್ದಾರೆ ಎಂದು ನಾನು ತಮಾಷೆ ಮಾಡಿದೆ. ಯಂತ್ರ ಕೆಟ್ಟಿರಬೇಕು, ಹಿಂದಕ್ಕೆ ಕೊಟ್ಟುಬಿಡೋಣ ಎಂದು ಕಮಲ ಅಂದಳು. ನನಗೂ ಹಾಗೇ ಅನ್ನಿಸಿತ್ತು.

ಒಂದು ಸಂಜೆ ಗೇಟಿನ ಸದ್ದಾಯಿತು. ಅಂದು ನಾನು ಪೇಪರು ಓದದೆ ಸುಮ್ಮನೆ ಮಲಗಿದ್ದೆನಾದ್ದರಿಂದ ಕಂಡದ್ದು: ಅಡುಗೆಮನೆಯಿಂದ ಕಮಲ ಓಡಿಬಂದಳು, ಮಂಚದ ಪಟ್ಟಿಗೆ ತೂಗಿಬಿಟ್ಟಿದ್ದ ಚೀಲವನ್ನು ಎತ್ತಿದಳು, ನನ್ನ ಹೊಟ್ಟೆಯ ಪಕ್ಕದಲ್ಲಿಟ್ಟು ಮೇಲೊಂದು ದುಪ್ಪಟಿ ಎಳೆದಳು, ಕಾಫಿಗೆ ನೀರಿಡಲು ಹೊರಟುಹೋದಳು. ಎಷ್ಟು ಸಹಜವಾಗಿ ಮಾಡಿದಳೆಂದರೆ ತಿಂಗಳುಗಳಿಂದ ಅದು ನನ್ನ ಮೇಲೆಯೇ ನಡೆಯುತ್ತಿದ್ದರೂ ನಾನು ಅದನ್ನು ನೋಡಿಯೇ ಇರಲಿಲ್ಲ. ದುಪ್ಪಟಿಯೊಳಗಿಂದ ಕೂಗು ಶುರುವಾಯಿತು. ಬಂದವರು ಕಾಫಿ ಕುಡಿದು ಹೋದ ಮೇಲೆ ಚೀಲವನ್ನು ನಾನೇ ಕೆಳಗೆ ತೂಗಿಬಿಟ್ಟೆ, ಕೂಗು ನಿಂತಿತು. ಎತ್ತಿದೆ, ಮತ್ತೆ ಕೂಗಿತು. ಯಂತ್ರ ನೆಟ್ಟಗಿತ್ತು. ಕೆಟ್ಟಿದ್ದದ್ದು ನಮ್ಮ ಮರ್ಯಾದೆಯ ಲೆಕ್ಕಾಚಾರ. ಚೀಲ ಮೂತ್ರಕೋಶಕ್ಕಿಂತ ಮೇಲೆ ಬಂದಾಗಲೆಲ್ಲ ಹಳಸಿದ ನೀರು ಮೈಯೊಳಕ್ಕೆ ಮರಳುತ್ತಿತ್ತು.

ಕಮಲಳನ್ನು ಕರೆದು ಎತ್ತಿ ಇಳಿಸಿ ತೋರಿಸಿದೆ. ಅವಳ ಮುಖದ ಬಣ್ಣ ಇಳಿದುಹೋಯಿತು.

"ಅಂದ್ರೆ ನಿಮ್ಗೆ ಜ್ವರ ಬರ್ಸಿದ್ದು ನಾನೇನಾ?"

"ಅದೊಂದೇ ಕಾರಣ ಅಂತ ಯಾರು ಹೇಳಿದ್ರು? ಮುಚ್ಚಿದ್ದು ನೀನು, ಮುಚ್ಚಿಸಿಕೊಂಡಿದ್ದು ನಾನು."

"ಇನ್ನೇನ್ರೀ ಮಾಡ್ಲಿ? ಪಾಠ ಹೇಳಿದ ಮೇಷ್ಟ್ರು ಮಲಗವ್ರೆ, ಪಕ್ಕದಾಗೆ ಅದು ನೇತಾಡ್ತೈತೆ. ನಾಲ್ಕು ಜನ ಅದನ್ನ ನೋಡ್ಕಂಡು ಹೋಗಿ ಆಡ್ಕಳೋದು ನಂಗೆ ಇಷ್ಟ ಇಲ್ಲ ಕಣ್ರೀ," ಎಂದವಳೇ ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟು ವರ್ಷ ನನ್ನ ಮಾನವನ್ನು ನನಗಿಂತ ಜೋಪಾನವಾಗಿ ಕಾದವಳು ಅವಳು, ಆ ಕಾವಲೇ ನನ್ನ ಕಿಡ್ನಿಯನ್ನು ತಿನ್ನುತ್ತಿತ್ತು ಎಂದು ಹೇಳಬೇಕಾಗಿ ಬಂದದ್ದಕ್ಕೆ ನನಗೆ ತುಂಬ ನೋವಾಯಿತು.

ಆದರೆ ಕಮಲ ಅತ್ತು ಕೂರುವ ಜಾತಿಯಲ್ಲ. ಮಾರನೆಯ ಬೆಳಗಿನಿಂದ ಅವಳು ಬಾಗಿಲಲ್ಲೇ ನಿಂತಳು. "ಬನ್ನಿ, ಮೇಷ್ಟ್ರು ಒಳಗವ್ರೆ. ಮಂಚದ ಕೆಳೀಕೆ ಉಚ್ಚೆ ಚೀಲ ನೇತಾಕೀವ್ನಿ, ನೋಡೋಕಾಗ್ದೋರು ಜಗಲಿ ಮ್ಯಾಲೇ ಕೂತ್ಕಳಿ, ಕಾಫಿ ಅಲ್ಲಿಗೇ ತತ್ತೀನಿ." ಜಗಲಿಯ ಮೇಲೆ ಯಾರೂ ಕೂರಲಿಲ್ಲ. ಒಳಗೆ ಬಂದು ಕುತೂಹಲದಿಂದ ಚೀಲವನ್ನು ನೋಡಿ, 'ನಮ್ಮಪ್ಪಂಗೂ ಹಾಕಿದ್ರು ಸಾರ್' ಎಂದು ತಮ್ಮ ಮನೆಯ ಸಮಾಚಾರ ಬಿಚ್ಚಿದವರೇ ಹೆಚ್ಚು. ಬೆಂಕಿಪೊಟ್ಟಣ ದಿನವಿಡೀ ಹಸಿರಾಗಿ ಮಿನುಗಿತು.

ಉಳಿದ ಪ್ರಶ್ನೆ ತುಮಕೂರಿನ ಪ್ರಯಾಣದ್ದು. ಆಪರೇಷನ್ನಿಗೆ ಮೊದಲು ಇನ್ನೊಂದು ಪರೀಕ್ಷೆ ಆಗಬೇಕು, ಅದರಲ್ಲಿ ಸೋಂಕಿಲ್ಲವೆಂದಾದರೆ ಮಾತ್ರ ಮುಂದಿನ ಮಾತು. ಶಿರಾದಲ್ಲಿ ಟೈಲರಾಗಿರುವ ನನ್ನ ಹಳೆಯ ಗೆಳೆಯ ರಹಮತ್ ಸಾಹೇಬರು ವಿಷಯ ತಿಳಿದು ಟೇಪು ಹಿಡಿದೇ ಬಂದರು. ಭುಜದಿಂದ ಮೊಣಕಾಲಿನವರೆಗೆ ಅಳತೆ ತೆಗೆದು, "ಶೇರ್ವಾನಿ ಹೊಲ್ದಿದೀನಿ, ಬುರ್ಖಾ ಹೊಲ್ದಿದೀನಿ. ಈ ಮಾಲಿಗೆ ಮಾತ್ರ ನಾಪು ತಗೊಳ್ತಿರೋದು ಇದೇ ಪೈಲಾ ಬಾರಿ ಮೇಷ್ಟ್ರೇ" ಎಂದು ನಕ್ಕು, ಮೂತ್ರದ ಚೀಲ ಮೊಣಕಾಲ ಬಳಿ ತೂಗುವಂತೆ ಉದ್ದ ಪಟ್ಟಿಯ ಬಟ್ಟೆಚೀಲವೊಂದನ್ನು ಹೊಲಿದುಕೊಟ್ಟರು. ದೀಪ ಕಾಣಲೆಂದು ಒಂದು ಕಿಟಕಿಯನ್ನೂ ಬಿಟ್ಟಿದ್ದರು. ಕಾರು ಮಾಡಿಕೊಂಡು ಹೋಗಿ ಎಂದು ಹತ್ತಾರು ಜನ ಹೇಳಿದರು. ವೈದ್ಯರು ಓಡಾಡಬಹುದು ಎಂದಿದ್ದಾರೆ, ಬಸ್ಸಿನಲ್ಲೇ ಹೋಗುತ್ತೇನೆ ಎಂದು ನಾನು ಹಟ ಹಿಡಿದೆ. ಹಟದ ಬೆಲೆ ಬಸ್ಸು ಬಂದಾಗ ಗೊತ್ತಾಯಿತು.

ಪಾವಗಡದಿಂದ ಬರುವ ಬಸ್ಸು ಮಧುಗಿರಿಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತಿರುತ್ತದೆ. ಕಮಲ ನೂಕಿನಲ್ಲಿ ಮುಂದಕ್ಕೆ ಹೋಗಿ ಎಲ್ಲೋ ಸೀಟು ಹಿಡಿದಳು, ನಾನು ನಡುವೆ ಸಿಕ್ಕಿಕೊಂಡೆ. ನಮ್ಮ ಬಸ್ಸುಗಳ ಒಂದು ಧರ್ಮವನ್ನು ನೀವು ಬಲ್ಲಿರಿ: ಕೂತವರು ನಿಂತವರಿಗೆ ಸೀಟು ಕೊಡದಿದ್ದರೂ ಅವರ ಕೈಯಲ್ಲಿರುವುದನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಳ್ಳದೆ ಇರಲಾರರು. ನನ್ನ ಪಕ್ಕದ ಸೀಟಿನಲ್ಲಿದ್ದ, ವಯಸ್ಸಾದರೂ ಗಟ್ಟಿಮುಟ್ಟಾದ ಹೆಂಗಸು ನನ್ನ ಚೀಲಕ್ಕೆ ಕೈಹಾಕಿಯೇಬಿಟ್ಟರು.

"ಇಲ್ಲಿ ಕೊಡಪ್ಪೋ, ನಾ ಇಟ್ಕಂತೀನಿ."

"ಪರವಾಗಿಲ್ಲ ತಾಯಿ, ನನ್ನ ಹತ್ರಾನೇ ಇರ್ಲಿ."

"ಅಯ್ಯೋ ರಾಮ! ನಾನೇನು ಎತ್ಕಂಡು ಓಡೋಗ್ತೀನಾ?" ಎಂದು ಅವರು ಬಲವಾಗಿಯೇ ತಮ್ಮ ತೊಡೆಯ ಮೇಲಿನ ಗಂಟಿನ ಮೇಲಕ್ಕೆ, ಎದೆಯ ಮಟ್ಟಕ್ಕೆ ಎಳೆದುಕೊಂಡರು. ಬೆಂಕಿಪೊಟ್ಟಣ ಅರಚಿತು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು, ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದರು.

ಮೊಸರಿದೆ, ಉಪ್ಪಿನಕಾಯಿ ಇದೆ, ಚೆಲ್ಲುತ್ತದೆ ಎಂದು ಹೇಳಿ ಪಾರಾಗಬಹುದಿತ್ತು. ನಾಲಗೆಯ ತುದಿಗೆ 'ಮೂತ್ರ' ಎಂಬ ಸಂಸ್ಕೃತದ ಮರೆ ಕೂಡ ಬಂದಿತ್ತು. ಆದರೆ ಬಾಗಿಲಲ್ಲಿ ನಿಂತು ಸಾರುತ್ತಿದ್ದ ಕಮಲಳ ಗಂಡನಾಗಿ ಇಷ್ಟಾದರೂ ಧೈರ್ಯ ಮಾಡದಿದ್ದರೆ ಹೇಗೆ? ಹಿಂದಿನ ಬೆಂಚಿಗೂ ಕೇಳಲೆಂದು ಅಭ್ಯಾಸ ಮಾಡಿದ ಗಂಟಲಿನಲ್ಲಿಯೇ ಹೇಳಿದೆ: "ಅಮ್ಮಾ, ಅದು ನನ್ನ ಉಚ್ಚೆ ಚೀಲ. ನನ್ನ ಮೈಗೆ ಪೈಪು ಹಾಕಿದ್ದಾರೆ. ಮೇಲಕ್ಕೆತ್ತಿದ್ರೆ ಒಳಕ್ಕೆ ವಾಪಸ್ ಹೋಗುತ್ತೆ, ಅದಕ್ಕೇ ಕೂಗ್ತಿದೆ."

ಅವರು ಕೈ ಬಿಡಲಿಲ್ಲ. ಬಿಟ್ಟುಬಿಡುತ್ತಾರೆ, ಸೆರಗಿಗೆ ಒರೆಸಿಕೊಳ್ಳುತ್ತಾರೆ ಎಂದೇ ನಾನು ಕಾದಿದ್ದೆ.

"ಅಂಗಂತ ಮದ್ಲೇ ಯೋಳ್ಬಾರ್ದಾ? ಎಲ್ಲಿ ಇಡ್ಕಬೇಕು ಯೋಳು, ಅಲ್ಲೇ ಇಡ್ಕಂತೀನಿ."

ತಮ್ಮ ತೊಡೆಯ ಮೇಲಿದ್ದ ಗಂಟನ್ನು ಪಕ್ಕದವರಿಗೆ ಕೊಟ್ಟು, ಅವರು ಮುಂದಕ್ಕೆ ಬಾಗಿ, ಚೀಲವನ್ನು ಮೆಲ್ಲಗೆ ತಮ್ಮ ಮೊಣಕಾಲಿನ ಕೆಳಗೆ ಇಳಿಸಿದರು. ಕೂಗು ನಿಂತಿತು. ಕೊರಟಗೆರೆ ಬರುವವರೆಗೂ ತಿರುವುಗಳಲ್ಲಿ ಒಂದು ಕೈ ಸೋತರೆ ಇನ್ನೊಂದು ಕೈಗೆ ಬದಲಾಯಿಸುತ್ತ ಹಾಗೆಯೇ ಹಿಡಿದಿದ್ದರು. ಊರು ಕ್ಯಾತಗಾನಚೆರ್ಲು ಅಂತೆ. ಹೊಲವೆಲ್ಲ ಸೋಲಾರ್ ಹಲಗೆಗಳಿಗೆ ಗುತ್ತಿಗೆ ಹೋಗಿರುವುದರಿಂದ ಅವರಿಗೆ ಎಲ್ಲ ದೀಪಗಳ ಮೇಲೂ ಅದು ತಮ್ಮ ಹೊಲದ ಕರೆಂಟೇ ಇರಬೇಕೆಂಬ ಹಕ್ಕಿನ ಅನುಮಾನ. "ಇದ್ಕೂ ಬಿಸ್ಲಾಗೆ ಕರೆಂಟು ತುಂಬ್ತಾರಾ?" ಎಂದು ಬಟ್ಟೆಚೀಲದ ಕಿಟಕಿಯೊಳಗೆ ಇಣುಕಿದರು. ಕೊರಟಗೆರೆಯಲ್ಲಿ ಒಬ್ಬರು ಇಳಿದು ನನಗೆ ಸೀಟು ಸಿಕ್ಕಿದಾಗ, ಚೀಲವನ್ನು ಎತ್ತದೆ, ಕೆಳಗಿನಿಂದಲೇ ನನ್ನ ಕೈಗೆ ದಾಟಿಸಿದರು. ನಾನು ಅದನ್ನು ಕಾಲಬಳಿ ಇಳಿಬಿಟ್ಟು ಅವರಿಗೆ ಕೈಮುಗಿದೆ.

ಪರೀಕ್ಷೆಯ ಫಲ ಸಂಜೆ ಬಂತು. ಸೋಂಕಿರಲಿಲ್ಲ. ಮುಂದಿನ ವಾರವೇ ಆಪರೇಷನ್ ಮಾಡಿ ಪೈಪು ತೆಗೆಯೋಣ ಎಂದರು ವೈದ್ಯರು. ನನಗೆ ಕುಣಿಯಬೇಕೆನ್ನಿಸಿತು, ಪೈಪು ಇದ್ದುದರಿಂದ ಕುಣಿಯಲಿಲ್ಲ.

ಕೊನೆಯ ಬಸ್ಸಿಗೆ ಹೊತ್ತಾಗುತ್ತದೆಂದು ಅವಸರದಿಂದ ಹೊರಗೆ ಬಂದೆವು. ಮೊಗಸಾಲೆಯ ಬೆಂಚಿನ ಮೇಲೆ ನಮ್ಮ ವಯಸ್ಸಿನವರೇ ಆದ ಗಂಡಹೆಂಡಿರು ಸರದಿಗಾಗಿ ಕೂತಿದ್ದರು. ಆತನ ಮಡಿಲಲ್ಲಿ ಒಂದು ಟವೆಲ್ ಉಬ್ಬಿಕೊಂಡಿತ್ತು, ಅದರ ಅಂಚಿನಿಂದ ನಳಿಗೆಯ ತುದಿ ಇಣುಕುತ್ತಿತ್ತು. ಆತನಿಗೆ ಸಣ್ಣಗೆ ಚಳಿಜ್ವರದ ನಡುಕವಿತ್ತು. ಯಾರಾದರೂ ನೋಡಿಯಾರೆಂದು ಆಕೆ ಟವೆಲನ್ನು ಮತ್ತೆ ಮತ್ತೆ ಸರಿಪಡಿಸುತ್ತಿದ್ದಳು. ಕಮಲ ನಿಂತುಬಿಟ್ಟಳು. ಬಸ್ಸು ಹೋಗುತ್ತೆ ಎಂದೆ, ಕೇಳಿಸಿಕೊಳ್ಳಲಿಲ್ಲ. ಆಕೆಯ ಪಕ್ಕದಲ್ಲಿ ಹೋಗಿ ಕೂತು, ಆಕೆಯ ಕೈಮೇಲೆ ಕೈಯಿಟ್ಟು, "ನಾನೂ ಇಂಗೇ ಮುಚ್ತಿದ್ದೆ ಕಣಮ್ಮ" ಎಂದಳು. ಆಮೇಲೆ ಟವೆಲ್ ಸರಿಸಿ, ಬೆಂಚಿನ ಮುಂದೆ ಮಂಡಿಯೂರಿ, ಆ ಅಪರಿಚಿತನ ಚೀಲವನ್ನು ತನ್ನ ಕೈಯಾರೆ ಕೆಳಕ್ಕೆ ಇಳಿಸಿದಳು.