ಹೊಸನಗರಕ್ಕೆ ಬಂದ ಕೂರಿಗೆ

ನಮ್ಮ ಹಾನಗಲ್ ಕಡೆ ಬರ ಬಂದರೆ ಕಣ್ಣಿಗೆ ಕಾಣುತ್ತದೆ. ನೆಲ ಬಿರಿಯುತ್ತದೆ, ಮರ ಬೋಳಾಗುತ್ತದೆ. ಮದುವೆಯಾಗಿ ಹೊಸನಗರದ ಈ ಹಳ್ಳಿಗೆ ಬಂದ ಎರಡನೇ ವರ್ಷ ನಾನು ಕಂಡದ್ದು ಹಸಿರು ಬರ! ಸುತ್ತಲಿನ ಕಾಡು ಹಸಿರಾಗಿಯೇ ಇದೆ, ಗದ್ದೆಯಲ್ಲಿ ಮಾತ್ರ ಒಂದು ಕಾಳಿಲ್ಲ. ಫೋನಿನಲ್ಲಿ ಹೇಳಿದರೆ ಅವ್ವ ನಕ್ಕುಬಿಟ್ಟಳು. "ಮಲೆನಾಡಾಗ ಬರ ಅಂತ! ಯಾರ ಮುಂದ ಹೇಳ್ತೀಯವ್ವಾ?"

ಇಲ್ಲಿ ಸಸಿ ಬೆಳೆಸಿ, ಗದ್ದೆಯಲ್ಲಿ ನೀರು ನಿಲ್ಲಿಸಿ, ಆಮೇಲೆ ನಾಟಿ. ಆ ವರ್ಷ ನೀರು ನಿಲ್ಲಲೇ ಇಲ್ಲ, ಸಸಿ ಮಡಿಯಲ್ಲೇ ಬಲಿತುಹೋಯಿತು. ರೊಟ್ಟಿ ಬಿಟ್ಟು ಮೂರು ಹೊತ್ತು ಅನ್ನ ಉಣ್ಣಲು ಆಗಷ್ಟೇ ಕಲಿತಿದ್ದೆ, ಈಗ ಆ ಅಕ್ಕಿಯನ್ನೂ ಅಂಗಡಿಯಿಂದ ತರಬೇಕಾಯಿತು. ಇನ್ನೊಂದು ಬೆಳೆ ಹೋದರೆ ಗದ್ದೆ ಬಿಟ್ಟು ಶಿವಮೊಗ್ಗಕ್ಕೆ ಕೂಲಿಗೆ ಹೋಗುವುದೇ ಸೈ ಎಂದರು ನನ್ನವರು.

ಬೇಸಿಗೆಯಲ್ಲಿ ಬರ ಪರಿಹಾರದ ಹಣ ಅತ್ತೆಯ ಖಾತೆಗೆ ಬಂತು. ನಾನು ಧೈರ್ಯ ಮಾಡಿದೆ. "ಅತ್ತಿ, ಅರ್ಧ ಮನಿಗಿರಲಿ, ಅರ್ಧ ಬೀಜಕ್ಕ ಕೊಡ್ರಿ. ನಮ್ಮ ಕಡಿ ಹಂಗ ಕೂರಿಗೀಲೆ ಬಿತ್ತೋಣ್ರಿ." ಎತ್ತು ಕಟ್ಟಿ ಎಳೆದರೆ ಸಾಲಿನಲ್ಲಿ ಬೀಜ ಬಿಡುವ ಮರದ ಸಾಧನ ಕೂರಿಗೆ. ಅದಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕಿಲ್ಲ.

"ಎಂತ ಹುಚ್ಚು ಮಾರಾಯ್ತಿ! ಭತ್ತನ ಯಾರಾದ್ರೂ ಒಣ ಮಣ್ಣಿಗೆ ಹಾಕ್ತಾರಾ?" ಎಂದು ಅತ್ತೆ ಎರಡು ದಿನ ಮುಖ ಊದಿಸಿಕೊಂಡರು. ಮೂರನೇ ದಿನ ತಾವೇ ಚಪ್ಪಲಿ ಮೆಟ್ಟಿ, "ನಡಿ ಬ್ಯಾಂಕಿಗೆ. ಹಾಳಾದ್ರೆ ನಿನ್ನ ಬಿಡ್ತೀನಾ ನೋಡು" ಎಂದರು.

ಅಪ್ಪನ ಕೂರಿಗೆಯನ್ನು ಬಸ್ಸಿನ ಮೇಲೆ ಕಟ್ಟಿಸಿ ತಂದೆ. ಬಿತ್ತುವ ದಿನ ಪಕ್ಕದ ಗದ್ದೆಯ ಮಂಜಪ್ಪಣ್ಣ ಬದುವಿನ ಮೇಲೆ ನಿಂತು, "ಇದೆಂತ ತಂಗಿ, ಬಯಲುಸೀಮೆ ಸರ್ಕಸ್ಸು?" ಎಂದು ಎಲ್ಲರನ್ನೂ ನಗಿಸಿದರು. ನನಗೆ ಅಳುವೇ ಬಂತು. ಅಳುತ್ತಲೇ ಬೀಜ ಬಿಟ್ಟೆ.

ಆ ವರ್ಷವೂ ಮಳೆ ನಾಲ್ಕು ದಿನ ಮುಖ ತೋರಿಸಿ ಅಡಗಿಕೊಂಡಿತು. ಊರವರ ಸಸಿ ಮಡಿಯಲ್ಲೇ ಕಾಯುತ್ತಿದ್ದರೆ ನಮ್ಮ ಪೈರು ಆ ನಾಲ್ಕು ದಿನದ ತೇವಕ್ಕೇ ಬೇರಿಳಿಸಿ ಮೊಣಕಾಲೆತ್ತರ ನಿಂತಿತ್ತು, ಸಾಲು ಸಾಲು! ನಾಚಿಕೆ ಏಕೆ, ಹೇಳಿಯೇಬಿಡುತ್ತೇನೆ: ನಾನು ಗೆದ್ದೆ. ಶಿವಮೊಗ್ಗದ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಮಂಜಪ್ಪಣ್ಣನೇ ಅಂಗಳಕ್ಕೆ ಬಂದು, "ಬರೋ ವರ್ಷ ಕೂರಿಗೆ ನಮ್ಗೂ ಕೊಡ್ತೀಯಾ ತಂಗಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಮೊದ್ಲು ನನ್ನ ಸೊಸೆ ಹತ್ರ ಬಿತ್ತೋದು ಕಲಿ" ಎಂದರು.

ಮೊದಲ ಗದ್ದೆ ಕೊಯ್ದು ಭತ್ತ ಮಿಲ್ಲಿಗೆ ಹಾಕಿಸಿದಾಗ ಅತ್ತೆ ಹೊಸ ಅಕ್ಕಿಯ ಒಂದು ಮೂಟೆ ಬೇರೆ ಇಟ್ಟು, "ಇದು ನಿನ್ನ ಅಪ್ಪಂಗೆ. ಕೂರಿಗೆ ಮಾತ್ರ ವಾಪಸ್ ಕೊಡೋದಿಲ್ಲ ಅಂತ ಹೇಳು" ಎಂದರು. ಮೂಟೆಯನ್ನು ಹಾನಗಲ್ ಕಡೆಯ ಬಸ್ಸಿಗೆ ಹಾಕಿಸಿದೆ. ಕಂಡಕ್ಟರ್ "ನೀವೂ ಬರ್ತೀರೇನ್ರಿ?" ಎಂದು ನಮ್ಮ ಕಡೆಯ ಮಾತಿನಲ್ಲೇ ಕೇಳಿದ. ನನ್ನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. "ಇಲ್ರೀ, ಇನ್ನೊಂದು ಗದ್ದೆ ಕೊಯ್ಯೋದೈತಿ" ಎಂದು ಕೆಳಗಿಳಿದೆ.